ಯಾರ ಸಲುವಾಗಿ ಈ ಪಡಸಾಲಿ?

ಹೋದ ಜನವರಿಯಲ್ಲಿ ಬೆಂಗಳೂರಿನ ಪಿಜಿ ರೂಮಿನಲ್ಲಿ ಕೂತು ಮೂರು ಲಕ್ಷ ರೂಪಾಯಿಯ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಸೇಡಂನ ನಮ್ಮ ಮನೆಯ ಪಡಸಾಲಿಯನ್ನು ಹೊಸದು ಮಾಡೋ ಯೋಜನೆ ಅದು. ಮೇ ತಿಂಗಳಲ್ಲಿ ತಂಗಿಯ ನಿಶ್ಚಯ ಇತ್ತು, ಹೈದರಾಬಾದಿನಿಂದ ಬೀಗರು ಬರೋರಿದ್ದರು. ಅಷ್ಟರೊಳಗೆ ಎಲ್ಲ ಮುಗೀಬೇಕಿತ್ತು.

ನಿಜ ಹೇಳಬೇಕೆಂದರೆ ನಿಶ್ಚಯ ಒಂದು ನೆಪ. ಊರಿಗೆ ಹೋದಾಗ ಆಫೀಸಿನ ಗೆಳತಿಯರು ವಿಡಿಯೊ ಕಾಲ್ ಮಾಡಿದರೆ ನಾನು ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದೆ. ಮೂಲೆಯಲ್ಲಿ ನೀರಿಳಿದ ಕಲೆ, ಉದುರುವ ಸುಣ್ಣ, ಬೂದು ಬಣ್ಣದ ಫರಸಿ ನೆಲ. ಇಪ್ಪತ್ತೆಂಟು ವರ್ಷ ನಾನು ಬೆಳೆದ ಕೋಣೆಯೇ ನನಗೆ ನಾಚಿಕೆ ತರಿಸುತ್ತಿತ್ತು. ಇದನ್ನು ಬರೆಯುವಾಗಲೂ ಒಂಥರಾ ಆಗುತ್ತೆ, ಆದರೆ ಬರೀದೇ ಹೋದರೆ ಮುಂದಿನ ಲೆಕ್ಕ ನಿಮಗೆ ಅರ್ಥ ಆಗಲ್ಲ.

ನನ್ನ ಶೀಟ್ ಹೀಗಿತ್ತು: ವಿಟ್ರಿಫೈಡ್ ಟೈಲ್ಸ್ 27,000, ಫಾಲ್ಸ್ ಸೀಲಿಂಗ್ ಮತ್ತು ದೀಪ 30,000, ಟಿವಿ ಪ್ಯಾನೆಲ್ 55,000, ಎಲ್ ಆಕಾರದ ಸೋಫಾ 70,000, ಎಸಿ 45,000, ಬಣ್ಣ ಮತ್ತು ವಾಲ್‌ಪೇಪರ್ 38,000, ಪರದೆ, ಟೀಪಾಯಿ ಇತ್ಯಾದಿ 35,000. ಒಟ್ಟು ಸರಿಯಾಗಿ 3 ಲಕ್ಷ. ದುಡ್ಡು? ಪರ್ಸನಲ್ ಲೋನ್. ಆ್ಯಪ್‌ನಲ್ಲಿ ಎರಡು ನಿಮಿಷಕ್ಕೆ ಮಂಜೂರಾಗುತ್ತಲ್ಲ!

ಶೀಟನ್ನು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ರಾತ್ರಿ ಅವ್ವ ಫೋನ್ ಮಾಡಿದಳು.

"ಚಂದ ಮಾಡೀಯವ್ವಾ. ಒಂದ್ ಮಾತ್ ಕೇಳ್ತೀನಿ. ಆ ಸೋಫಾದಾಗ ಎಷ್ಟ್ ಮಂದಿ ಕೂಡ್ತಾರ?"

"ಏಳು ಮಂದಿ ಕೂಡಬಹುದವ್ವಾ."

"ನಿಶ್ಚಯಕ್ಕ ನಲವತ್ ಮಂದಿ ಬರ್ತಾರ. ಉಳಿದೋರಿಗಿ ಎಲ್ಲಿ ಕೂಡಸ್ತಿ? ಜಮಖಾನಿ ಹಾಸ್ಲಕ ಜಾಗಾನೇ ಉಳಿಯಲ್ಲ. ನಿಮ್ಮಪ್ಪ ಮಧ್ಯಾಹ್ನ ಎಲ್ಲಿ ಮಲಗ್ಬೇಕು? ಯಾರ ಸಲುವಾಗಿ ಮಾಡ್ಲತ್ತಿ ಇದು?"

ಉತ್ತರ ಇರಲಿಲ್ಲ. ಫೋನ್ ಇಟ್ಟ ಮೇಲೆ ಶೀಟನ್ನು ಮತ್ತೆ ನೋಡಿದೆ. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೂರು ಲಕ್ಷದ ಆ ಪಟ್ಟಿಯಲ್ಲಿ ಸೋರುವ ಛತ್ತಿಗೆ ಒಂದು ರೂಪಾಯಿ ಇರಲಿಲ್ಲ. ಹಳೇ ವೈರಿಂಗ್‌ಗೂ ಇರಲಿಲ್ಲ. ಫಾಲ್ಸ್ ಸೀಲಿಂಗ್ ಹಾಕಿಸಿದರೆ ಸೋರಿಕೆ ನಿಲ್ಲುತ್ತಿರಲಿಲ್ಲ, ಕಾಣದಂತೆ ಮುಚ್ಚಿಹೋಗುತ್ತಿತ್ತು ಅಷ್ಟೇ.

ಮೊದಲು ಕೋಣೆಯ ದಿನಚರಿ

ಮರುದಿನ ಹೊಸ ಶೀಟ್ ತೆಗೆದೆ. ಈ ಸಲ ಸಾಮಾನಿನ ಪಟ್ಟಿ ಮಾಡದೆ, ಆ ಕೋಣೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಏನೇನು ನಡೆಯುತ್ತೆ ಅಂತ ಬರೆದೆ. ಬೆಳಿಗ್ಗೆ ಅಪ್ಪ ಪೇಪರ್ ಓದುತ್ತಾರೆ. ಅವ್ವ ಅಲ್ಲೇ ತೊಗರಿಬ್ಯಾಳಿ ಹಸನು ಮಾಡುತ್ತಾಳೆ. ಊಟ ಆದ ಮೇಲೆ ಅಪ್ಪ ಬರಿ ಫರಸಿಯ ಮೇಲೆ ತಲೆಗೊಂದು ಟವೆಲ್ ಇಟ್ಟುಕೊಂಡು ಮಲಗುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಆ ನೆಲದ ತಂಪು ಅವರಿಗೆ ಬೇಕು. ಮೊಣಕಾಲು ನೋವಿರುವುದರಿಂದ ಏಳುವಾಗ ಹಿಡಿದುಕೊಳ್ಳಲು ಏನಾದರೂ ಬೇಕು. ರಾತ್ರಿ ಬಚ್ಚಲಿಗೆ ಹೋಗೋ ದಾರಿಯೂ ಅದೇ. ಹಬ್ಬ, ತೊಟ್ಟಿಲು, ನಿಶ್ಚಯ ಅಂದರೆ ಮೂವತ್ತು ನಲವತ್ತು ಜನ ಕೆಳಗೇ ಕೂಡುತ್ತಾರೆ.

ಇಷ್ಟು ಬರೆದ ಮೇಲೆ ಅರ್ಧ ಶೀಟ್ ತಾನಾಗಿಯೇ ಅಳಿಸಿಹೋಯಿತು. ನುಣುಪಾದ ಟೈಲ್ಸ್ ಒದ್ದೆಯಾದರೆ ಜಾರುತ್ತೆ. ಫರಸಿಯ ಮೇಲೇ ಟೈಲ್ಸ್ ಹಾಕಿದರೆ ನೆಲದ ಮಟ್ಟ ಏರಿ, ಬಚ್ಚಲ ಬಾಗಿಲಲ್ಲಿ ಎಡವುವ ಮೆಟ್ಟಿಲು ಹುಟ್ಟುತ್ತೆ. ಬಾಗಿಲುಗಳನ್ನೂ ಕೆಳಗಿನಿಂದ ಕೊಯ್ಯಬೇಕು.

ನಮ್ಮ ಕಾಲ ಕೆಳಗಿನ ಕಲ್ಲು

ನೆಲದ ಬಗ್ಗೆ ನನ್ನ ಕಣ್ಣು ತೆರೆಸಿದ್ದು ನಮ್ಮ ಓಣಿಯ ಗೌಂಡಿ ಕಾಕಾ. ಅಂದಾಜು ಕೇಳಲು ಕರೆಸಿದ್ದೆವು. ಅವರು ಬಗ್ಗಿ ಫರಸಿಯನ್ನು ಸುತ್ತಿಗೆ ಹಿಡಿಯಿಂದ ಟಕ್ ಟಕ್ ಅಂತ ಬಡಿದು ನೋಡಿದರು. "ನೋಡ್ ತಂಗಿ, ಎರಡ ಕಲ್ಲು ಸೀಳ್ಯಾವ. ಉಳಿದಿದ್ದೆಲ್ಲಾ ಗಟ್ಟಿ ಅದಾ. ಇದನ್ ಕೀಳ್ಸಿ ಏನ್ ಮಾಡ್ತಿ? ಪಾಲಿಶ್ ಹೊಡಸು, ಆಮ್ಯಾಲ್ ಹೇಳು."

ನಮ್ಮ ಭಾಗದ ಈ ಫರಸಿಗೆ ಹೊರಗೆ ಶಹಾಬಾದ್ ಕಲ್ಲು ಅಂತ ಹೆಸರು. ಮುಂಬೈ, ಪುಣೆಯ ಹಳೇ ಮನೆಗಳಲ್ಲಿ ಮರಾಠಿಯವರು ಇದನ್ನೇ ಶಹಾಬಾದಿ ಫರಶಿ ಅನ್ನುತ್ತಾರೆ. ಭೀಮಾ ಸೀಮೆಯ ಸುಣ್ಣಗಲ್ಲು ಇದು. ಪದರ ಪದರವಾಗಿ ಏಳುವ ಕಲ್ಲನ್ನು ಹಾಸುಗಲ್ಲಾಗಿ ಕೊಯ್ಯುತ್ತಾರೆ. ಇಲ್ಲಿನ ಸುಣ್ಣಗಲ್ಲನ್ನೇ ನಂಬಿ ಸೇಡಂ, ಮಳಖೇಡ, ವಾಡಿ, ಚಿತ್ತಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಅಪ್ಪ ನಿವೃತ್ತರಾಗಿದ್ದೂ ಅಂಥದ್ದೊಂದು ಕಾರ್ಖಾನೆಯಿಂದಲೇ. ಅದನ್ನು ಒಡೆಸಿ ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸ್ ಹಾಕಿಸಲು ನಾನು ಸಾಲ ಮಾಡಲು ಹೊರಟಿದ್ದೆ!

ನಿಮ್ಮ ಮನೆಯಲ್ಲೂ ಈ ಕಲ್ಲಿದ್ದರೆ ಮೂರು ಮಾತು ನೆನಪಿಡಿ. ಒಂದು, ಇದು ಸುಣ್ಣಗಲ್ಲು. ಆಸಿಡ್ ಇರುವ ಬಚ್ಚಲು ಕ್ಲೀನರ್ ಹಾಕಿದರೆ ಮೇಲ್ಮೈ ತಿಂದುಹೋಗುತ್ತೆ. ನಿಂಬೆ, ಹುಣಸೆ ರಸ ಚೆಲ್ಲಿದರೂ ಕೂಡಲೇ ಒರೆಸಿ. ಎರಡು, ಪಾಲಿಶ್ ಮಾಡಿಸುವಾಗ ರಾಡಿ ಗೋಡೆಗೆ ಸಿಡಿಯುತ್ತೆ, ಹಾಗಾಗಿ ಬಣ್ಣದ ಕೊನೇ ಕೋಟ್ ಪಾಲಿಶ್ ಆದ ಮೇಲೆ. ಮೂರು, ನೀರು ಬೀಳುವ ಕಡೆ ಪೂರ್ತಿ ಕನ್ನಡಿಯಂತೆ ಹೊಳೆಸಬೇಡಿ. ನಾವು ಬಚ್ಚಲ ದಾರಿಯ ಎರಡು ಸಾಲು ಕಲ್ಲನ್ನು ಒರಟಾಗಿಯೇ ಬಿಟ್ಟೆವು.

ದುಡ್ಡಿನ ಲೆಕ್ಕ

ಮೊದಲು ಸಾಲದ ಲೆಕ್ಕ ನೋಡಿಬಿಡೋಣ. 3 ಲಕ್ಷ, ಶೇ 14 ಬಡ್ಡಿ, 3 ವರ್ಷ ಅಂದುಕೊಳ್ಳಿ. ಇಎಂಐ ತಿಂಗಳಿಗೆ ಸುಮಾರು 10,250. ಮೂರು ವರ್ಷಕ್ಕೆ ಕಟ್ಟುವ ಬಡ್ಡಿ ಹತ್ತಿರ ಹತ್ತಿರ 69,000. ಬಡ್ಡಿಯ ದುಡ್ಡಿಗೇ ಇನ್ನೊಂದು ಸೋಫಾ ಬರುತ್ತಿತ್ತು. ತಂಗಿಯ ಮದುವೆ ಎದುರಿಗಿದ್ದಾಗ ಪ್ರತಿ ತಿಂಗಳ ಪಗಾರದಿಂದ ಹತ್ತು ಸಾವಿರ ಕಿತ್ತುಕೊಡುವುದು ಸಣ್ಣ ಮಾತಲ್ಲ.

ಹಾಗಾಗಿ ಕೈಯಲ್ಲಿ ಇರುವುದೆಷ್ಟು ಅಂತ ಎಣಿಸಿದೆವು. ನನ್ನ ಆರ್‌ಡಿ 80,000. ತೊಗರಿ ಮಾರಿದ್ದರಲ್ಲಿ ಅಪ್ಪ ಕೊಡುತ್ತೇನೆ ಅಂದಿದ್ದು 40,000. ಒಟ್ಟು 1,20,000. ಇದನ್ನು ದಾಟಬಾರದು ಅಂತ ಗೆರೆ ಎಳೆದು, 12 ಅಡಿ ಅಗಲ, 15 ಅಡಿ ಉದ್ದದ ಕೋಣೆಗೆ ಕಾಣದ ಕೆಲಸದಿಂದ ಕಾಣುವ ಕೆಲಸದ ಕಡೆಗೆ ಹಣ ಹಂಚಿದೆವು:

ಛತ್ತಿನ ಸೋರಿಕೆ: 18,000
ವೈರಿಂಗ್, ಅರ್ಥಿಂಗ್, ಎಂಸಿಬಿ: 19,500
ಗೋಡೆಯ ಪ್ಲಾಸ್ಟರ್ ರಿಪೇರಿ: 11,000
ಫರಸಿ ಪಾಲಿಶ್ (180 ಚದರ ಅಡಿ), ಎರಡು ಹೊಸ ಕಲ್ಲು: 8,000
ಬಣ್ಣ: 16,500
ಎರಡು ಫ್ಯಾನ್, ದೀಪಗಳು: 9,000
ದಿವಾನ್, ಗಟ್ಟಿ ಕೈಯಿರುವ ಎರಡು ಕುರ್ಚಿ: 15,000
ಪರದೆ, ಜಮಖಾನಿ: 5,000

ಒಟ್ಟು 1,02,000. ಜೊತೆಗೆ ಹಳೇ ಮನೆ ಅಂತ 15,000 ರೂಪಾಯಿ ಬೇರೆ ಎತ್ತಿಟ್ಟೆವು. ಇದು ಉಳಿತಾಯವಲ್ಲ, ಗೋಡೆ ಕೆದರಿದಾಗ ಏನು ಹೊರಬೀಳುತ್ತೋ ಅದಕ್ಕೆ. ಹೊರಬಿದ್ದಿದ್ದು ಒರಲಿ! ಬಾಗಿಲ ಚೌಕಟ್ಟಿನ ಕೆಳಭಾಗ ಪೂರ್ತಿ ತಿಂದಿತ್ತು. ಅದಕ್ಕೆ 8,500 ಹೋಯಿತು. ಬಣ್ಣ 2,000 ಹೆಚ್ಚಾಯಿತು. ಕೊನೆಗೆ 1,12,500ಕ್ಕೆ ನಿಂತಿತು.

ಈ ಪಟ್ಟಿಯಲ್ಲಿ ಎಸಿ ಇಲ್ಲ. ಹಾಕಿಸಲೇಬಾರದು ಅಂತಲ್ಲ. ಒಂದೂವರೆ ಟನ್ ಎಸಿಗೆ ಬೇರೆಯದೇ ವೈರು, ಬೇರೆಯದೇ ಎಂಸಿಬಿ ಬೇಕು. ಮನೆಗೆ ಮಂಜೂರಾದ ಲೋಡ್ ಸಾಕೋ ಇಲ್ಲವೋ ಜೆಸ್ಕಾಂನಲ್ಲಿ ಕೇಳಬೇಕು. ಹಳೇ ವೈರಿಗೆ ಎಸಿ ಜೋಡಿಸಿದರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ಈಗ ವೈರ್ ಎಳೆಸಿಟ್ಟಿದ್ದೇವೆ, ಯಂತ್ರ ಮುಂದೆ ಯಾವಾಗಲಾದರೂ ಬರಲಿ. ಅಲ್ಲಿವರೆಗೆ ಛತ್ತಿನ ಮೇಲೆ ಬಿಳಿ ಸುಣ್ಣ, ಕೆಳಗೆ ಬಿಎಲ್‌ಡಿಸಿ ಫ್ಯಾನ್. ಹಳೇ ಫ್ಯಾನ್ 75 ವ್ಯಾಟ್ ಎಳೆದರೆ ಇವು 30ರ ಆಸುಪಾಸು. ಎರಡು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚೇ ಉಳಿಯುತ್ತೆ.

ದೂರದಲ್ಲಿ ಕೂತು ಕೆಲಸ ಮಾಡಿಸೋರಿಗೆ

ನನ್ನ ಹಾಗೆ ಊರಿನ ಮನೆಯ ಕೆಲಸವನ್ನು ಫೋನಿನಲ್ಲೇ ಮಾಡಿಸುವವರು ತುಂಬ ಜನ ಇದ್ದೀರಿ. ನಾವು ಪಾಲಿಸಿದ ಕೆಲವು ನಿಯಮ ಹೇಳ್ತೀನಿ.

ಅಂದಾಜು ಕೇಳುವಾಗ ಕೂಲಿ ಮಾತ್ರವೋ, ಮಾಲು ಸಹಿತವೋ ಅಂತ ಮೊದಲು ಕೇಳಿ. ಬಣ್ಣದವರು ಅಳೆಯುವುದು ಗೋಡೆಯನ್ನು, ನೆಲವನ್ನಲ್ಲ. 180 ಚದರ ಅಡಿಯ ಕೋಣೆಗೆ ಗೋಡೆ, ಛತ್ತು ಸೇರಿ 650 ಚದರ ಅಡಿ ಬಂದರೆ ಗಾಬರಿಯಾಗಬೇಡಿ. ದರದಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಯಾರಾದರೂ ಹಳೇ ಅಂದಾಜಿನ ಚೀಟಿ ತೋರಿಸಿದರೆ ಹೊಸದು ಕೇಳಿ.

ಕೆಲಸದ ಸರದಿ ತಪ್ಪಿಸಬೇಡಿ. ಮೊದಲು ಛತ್ತು, ಆಮೇಲೆ ವೈರಿಂಗ್‌ಗೆ ಗೋಡೆ ಕೊರೆಯುವುದು, ಪ್ಲಾಸ್ಟರ್, ಅದಕ್ಕೆ ಕನಿಷ್ಠ ಒಂದು ವಾರ ನೀರು, ಪೂರ್ತಿ ಒಣಗಿದ ಮೇಲೆ ಪುಟ್ಟಿ, ನೆಲದ ಪಾಲಿಶ್, ಕೊನೆಗೆ ಬಣ್ಣ. ತೇವ ಇರುವ ಗೋಡೆಗೆ ಅವಸರದಲ್ಲಿ ಬಣ್ಣ ಹೊಡೆಸಿದರೆ ಆರು ತಿಂಗಳಿಗೆ ಹಪ್ಪಳದಂತೆ ಏಳುತ್ತೆ.

ದುಡ್ಡನ್ನು ಹಂತ ಹಂತವಾಗಿ ಕೊಡಿ. ದಿನಾ ಸಂಜೆ ಮೂರು ಫೋಟೊ ತರಿಸಿಕೊಳ್ಳಿ, ಗೋಡೆಯೊಳಗೆ ವೈರ್ ಹೋದ ದಾರಿಯದ್ದೂ ಇರಲಿ. ಮುಂದೆ ಮೊಳೆ ಹೊಡೆಯುವಾಗ ಅದೇ ನಕ್ಷೆ. ಛತ್ತಿನ ಕೆಲಸದಲ್ಲಿ ನಾವು ಗೌಂಡಿ ಕಾಕಾಗೆ ಮೊದಲೇ ಒಂದು ಮಾತು ಹೇಳಿದ್ದೆವು: ಕೊನೆಯ 3,000 ಮೊದಲ ಮಳೆ ಆದ ಮೇಲೆ. ಅವರು ನಕ್ಕು, "ಹಂಗೇ ಆಗ್ಲಿ ತಂಗಿ, ನಂದೂ ಪರೀಕ್ಷಾ ಆಗ್ತದ" ಅಂದರು.

ಮೇ ತಿಂಗಳಲ್ಲಿ ನಿಶ್ಚಯ ಆಯಿತು. ಹೈದರಾಬಾದಿನ ಬೀಗರು ಜಮಖಾನಿಯ ಮೇಲೆ ಕೂತು ಊಟ ಮಾಡಿದರು. ಸೆಖೆಗೆ ಜಮಖಾನಿಯ ಅಂಚು ಸರಿಸಿ ಬರಿ ಕಲ್ಲಿನ ಮೇಲೆ ಕೂತ ಅವರ ಅಜ್ಜಿಯೊಬ್ಬರು, ಇದನ್ನು ಯಾವ ಊರಿಂದ ತರಿಸಿದಿರಿ ಅಂತ ಅವ್ವನನ್ನು ಕೇಳಿದರು. ಪಾಲಿಶ್ ಆದ ಮೇಲೆ ಆ ಬೂದು ಕಲ್ಲು ಮಳೆ ಮೋಡದ ಬಣ್ಣಕ್ಕೆ ತಿರುಗಿತ್ತು. ನಾನು ಆ ದಿನ ಗೆಳತಿಯರಿಗೆ ಪಡಸಾಲಿಯಿಂದಲೇ ವಿಡಿಯೊ ಕಾಲ್ ಮಾಡಿದೆ.

ಜೂನ್‌ನಲ್ಲಿ ಒಂದು ರಾತ್ರಿ ಸೇಡಂನಲ್ಲಿ ಜೋರು ಮಳೆ. ಬೆಂಗಳೂರಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಅವ್ವನ ಫೋಟೊ ಬಂತು: ಮೂಲೆಯ ಗೋಡೆ ಒಣಗಿತ್ತು, ಕೆಳಗೆ ಅಪ್ಪ ಟವೆಲ್ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜ್.

"ಒಂದ್ ಹನಿ ಬಿದ್ದಿಲ್ಲ ನೋಡವ್ವಾ. ಗೌಂಡಿಗಿ ಉಳಿದ ಮೂರ್ ಸಾವಿರ ಇವತ್ತೇ ಹಾಕಿಬಿಡು."