ಫ್ಲೋರೈಡ್ ನೆಲದಲ್ಲಿ ಹಲ್ಲಿನ ಅಂದ

ಹಲ್ಲು ಬೆಳ್ಳಗಾಗಿಸುವುದು, ಕ್ಲಿಪ್ ಹಾಕಿ ಓರೆಕೋರೆ ತಿದ್ದುವುದು, ಸಂದು ಮುಚ್ಚುವುದು, ಮುರಿದ ತುದಿ ಕಟ್ಟುವುದು, ಮುಂಭಾಗಕ್ಕೆ ಪಿಂಗಾಣಿಯ ತೆಳುಪದರ ಅಂಟಿಸುವುದು, ಇಷ್ಟನ್ನೂ ಒಟ್ಟಾಗಿ ಸೌಂದರ್ಯ ದಂತಚಿಕಿತ್ಸೆ ಎನ್ನುತ್ತಾರೆ. ಹುಳುಕು ತೆಗೆದು ಸಿಮೆಂಟ್ ತುಂಬುವುದು, ನೋಯುವ ಹಲ್ಲು ಕೀಳುವುದು, ವಸಡಿನ ಕೀವು ವಾಸಿಮಾಡುವುದು ರೋಗಕ್ಕೆ ಮಾಡುವ ಚಿಕಿತ್ಸೆ. ಮೊದಲಿನದು ಅಂದಕ್ಕೆ ಮಾಡಿಸಿಕೊಳ್ಳುವಂಥದ್ದು, ಹಾಗಾಗಿ ಕೈಯಲ್ಲಿ ಕಾಸಿದ್ದವರ ವಿಷಯ ಎಂಬ ವಿಂಗಡಣೆ ವೈದ್ಯರಲ್ಲೂ ಸರಕಾರದಲ್ಲೂ ಜನರಲ್ಲೂ ಬೇರುಬಿಟ್ಟಿದೆ. ದೊಡ್ಡ ನಗರಗಳ ಮಟ್ಟಿಗೆ ಈ ವಿಂಗಡಣೆ ಹೆಚ್ಚುಕಡಿಮೆ ನಡೆಯುತ್ತದೆ. ರಾಯದುರ್ಗ, ಮಡಕಶಿರಾಗಳ ಸೀಮೆಗೆ ಬಂದರೆ ಕೈಕೊಡುತ್ತದೆ. ಇಲ್ಲಿ ಎಷ್ಟೋ ಮಂದಿಯ ಮುಂದಿನ ಹಲ್ಲಿನ ಮೇಲಿರುವ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ ಅವರು ಚಿಕ್ಕಂದಿನಲ್ಲಿ ಕುಡಿದ ನೀರಿನಿಂದ ಬಂದದ್ದು. ಅಂಥ ಕಲೆ ತೆಗೆಸಿಕೊಳ್ಳುವುದು ಶೋಕಿಯೋ ಚಿಕಿತ್ಸೆಯೋ ಎಂಬುದು ಪ್ರಶ್ನೆ.

ರಾಯದುರ್ಗ, ಮಡಕಶಿರಾ ಎರಡೂ ಕನ್ನಡ ತೆಲುಗು ಬೆರೆತ ಗಡಿಸೀಮೆಗಳು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಪ್ರದೇಶ ಶಿರಾ, ಪಾವಗಡ, ಮಧುಗಿರಿಗಳ ನಡುವೆ ಕರ್ನಾಟಕದೊಳಕ್ಕೆ ಚಾಚಿಕೊಂಡಿದೆ; ಅನಂತಪುರ ಜಿಲ್ಲೆಯಲ್ಲಿದ್ದದ್ದು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಗೆರೆ ಎಷ್ಟು ಸಲ ಸರಿದರೂ ಅಡಿಯ ಬಂಡೆ ಒಂದೇ: ಹಳೆಯ ನೈಸ್ ಮತ್ತು ಗ್ರಾನೈಟ್. ಈ ಕಲ್ಲಿನಲ್ಲಿರುವ ಅಪಟೈಟ್, ಫ್ಲೋರೈಟ್, ಕರಿ ಅಭ್ರಕ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಇದೆ. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡಿನಲ್ಲಿ ಬಿರುಕುಗಳಿಗೆ ಇಳಿದ ನೀರು ಬಹುಕಾಲ ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಬೈಕಾರ್ಬೊನೇಟ್ ಏರಿ ಕ್ಯಾಲ್ಸಿಯಂ ಇಳಿದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ತೆರೆದ ಬಾವಿಗಳು ಬತ್ತಿ ಬೋರ್‌ವೆಲ್ ಆಳಕ್ಕೆ ಹೋದಂತೆ ಹಳೆಯ ನೀರೇ ಮೇಲೆ ಬರತೊಡಗಿತು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅನಂತಪುರ ಸೀಮೆಯಲ್ಲೂ ಪಕ್ಕದ ಪಾವಗಡದಲ್ಲೂ ಈ ಮಿತಿ ದಾಟಿದ ಕೊಳವೆಬಾವಿಗಳು ಹಲವು.

ಕಲೆ ಬೀಳುವುದು ಹಲ್ಲು ಬಾಯಲ್ಲಿ ಕಾಣಿಸಿಕೊಳ್ಳುವ ಮೊದಲೇ. ಶಾಶ್ವತ ಹಲ್ಲುಗಳ ಮೇಲಿನ ಗಟ್ಟಿ ಹೊದಿಕೆ, ಅಂದರೆ ಎನಾಮೆಲ್, ಮಗು ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ ದವಡೆಯೊಳಗೇ ರೂಪುಗೊಳ್ಳುತ್ತದೆ. ನಗುವಾಗ ಮೊದಲು ಕಾಣುವ ಮೇಲಿನ ಎರಡು ಬಾಚಿಹಲ್ಲುಗಳಿಗೆ ಮೊದಲ ಮೂರು ವರ್ಷಗಳೇ ನಾಜೂಕಿನ ಕಾಲ. ಆಗ ಫ್ಲೋರೈಡ್ ಮಿತಿಮೀರಿದರೆ ಎನಾಮೆಲ್ ಬಲಿಯುವಾಗ ಹೊರಹೋಗಬೇಕಾದ ಪ್ರೋಟೀನ್ ಒಳಗೇ ಉಳಿದು, ಮೇಲ್ಮೈಯ ಕೆಳಗೆ ಸಣ್ಣ ರಂಧ್ರಗಳಾಗುತ್ತವೆ. ಅವು ಬೆಳಕನ್ನು ಚದುರಿಸುವುದರಿಂದ ಹಲ್ಲಿನಲ್ಲಿ ಮಂಕು ಬಿಳುಪು ಕಾಣುತ್ತದೆ. ಹಲ್ಲು ಹೊರಬಂದ ಮೇಲೆ ಆಹಾರದ, ಚಹಾದ, ಎಲೆ ಅಡಿಕೆಯ ಬಣ್ಣ ಆ ರಂಧ್ರಗಳಲ್ಲಿ ಸೇರಿ ಕಂದಾಗುತ್ತದೆ. ತೀವ್ರವಾಗಿದ್ದರೆ ಪದರ ಉದುರಿ ಗುಳಿ ಬೀಳುತ್ತದೆ. ಕಲೆ ಹಲ್ಲಿನೊಳಗೇ ಇರುವುದರಿಂದ ಬೇವಿನ ಕಡ್ಡಿ, ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಏನು ಹಾಕಿ ತಿಕ್ಕಿದರೂ ಅದು ಹೋಗದು. ತಿಕ್ಕಿ ಸವೆಯುವುದು ಒಳ್ಳೆಯ ಎನಾಮೆಲ್. ದಂತವೈದ್ಯರ ಬಳಿ ಕ್ಲೀನಿಂಗ್ ಮಾಡಿಸಿದರೂ ಪಾಚಿ ಮತ್ತು ಕಿಟ್ಟ ಹೋಗಬಹುದೇ ಹೊರತು ಈ ಕಲೆ ಹೋಗುವುದಿಲ್ಲ. ಆದರೂ ಇಂಥ ಹಲ್ಲಿನವರನ್ನು ಹಲ್ಲುಜ್ಜದವರೆಂದು ಕಾಣುವ ರೂಢಿ ಹೋಗಿಲ್ಲ.

ನೀರಿಗೂ ಹಲ್ಲಿಗೂ ಇರುವ ನಂಟು ತಿಳಿಯಲು ಅಮೆರಿಕದಲ್ಲಿ ಮೂವತ್ತು ವರ್ಷ ಹಿಡಿಯಿತು. ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದ ಮಕ್ಕಳ ಕಂದು ಹಲ್ಲು ಕಂಡು ಹುಡುಕಾಟ ಶುರುಮಾಡಿದ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಚರ್ಚಿಲ್ 1931ರಲ್ಲಿ ನೀರಿನ ಫ್ಲೋರೈಡ್ ಗುರುತಿಸಿದಾಗ ಆ ಹುಡುಕಾಟ ಮುಗಿಯಿತು. ಭಾರತದಲ್ಲಿ 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಮತ್ತು ಸಂಗಡಿಗರ ವರದಿ ಬಂತು. ಅಲ್ಲಿ ಎದ್ದು ಕಂಡದ್ದು ಬೆನ್ನು, ಕೀಲು ಬಿಗಿದುಕೊಂಡ ಜನ. ಅಂದಿನಿಂದ ಫ್ಲೋರೈಡಿನ ಬಾಧೆಯಾದ ಫ್ಲೋರೋಸಿಸ್ ಎಂದರೆ ಮೂಳೆಯ ರೋಗ, ಹಲ್ಲಿನದು ಅದರ ಚಿಕ್ಕ ಗುರುತು ಎಂಬ ಎಣಿಕೆ ನಿಂತಿತು. ರೋಗ ಗುರುತಿಸಲು ಅದು ಸರಿ. ಹಲ್ಲಿನ ಬಾಧೆಯನ್ನು ಲೆಕ್ಕದಿಂದಲೇ ಬಿಡಲು ಅದು ನೆಪವಾಯಿತು ಎಂಬುದೂ ನಿಜ.

ಇನ್ನು ಚಿಕಿತ್ಸೆಗಳು. ಇವನ್ನು ಬೆಲೆಯ ಬದಲು ಹಲ್ಲಿನಿಂದ ಎಷ್ಟು ತೆಗೆಯುತ್ತವೆ ಎಂಬುದರಿಂದ ಅಳೆಯಬೇಕು, ಏಕೆಂದರೆ ಹೋದ ಎನಾಮೆಲ್ ಮತ್ತೆ ಹುಟ್ಟುವುದಿಲ್ಲ. ಏನನ್ನೂ ಕೊರೆಯದ ವಿಧಾನ ಬ್ಲೀಚಿಂಗ್. ಬಾಯಿಯ ಅಚ್ಚಿಗೆ ತಕ್ಕ ತಟ್ಟೆಯಲ್ಲಿ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಧರಿಸುವ ಕ್ರಮ 1989ರಲ್ಲಿ ಪ್ರಕಟವಾಯಿತು. ವೈದ್ಯರ ಕುರ್ಚಿಯಲ್ಲಿ ವಸಡಿಗೆ ರಕ್ಷಣೆ ಕೊಟ್ಟು ಶೇಕಡಾ 35ರ ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದೂ ಉಂಟು. ಕಂದು ಬಣ್ಣ ಇದರಿಂದ ತಿಳಿಯಾಗುತ್ತದೆ. ಬಿಳಿ ಮಚ್ಚೆ ಉಳಿದು, ಕೆಲದಿನ ಹೆಚ್ಚಾಗಿಯೇ ಎದ್ದು ಕಾಣಬಹುದು. ಹಲ್ಲು ಜುಂ ಎನ್ನುವುದು ಸಾಮಾನ್ಯ. ಶೇಕಡಾ 0.1ಕ್ಕಿಂತ ಹೆಚ್ಚು ಪೆರಾಕ್ಸೈಡ್ ಇರುವ ಇಂಥ ಸಾಮಗ್ರಿ ದಂತವೈದ್ಯರ ಮೂಲಕವೇ ಸಿಗಬೇಕು, 18 ತುಂಬದವರಿಗೆ ಕೊಡಬಾರದು ಎಂದು ಯುರೋಪಿನ ನಿಯಮವಿದೆ.

ಮುಂದಿನದು ಮೈಕ್ರೋಅಬ್ರೇಷನ್. ಅಮೆರಿಕದ ಕ್ರಾಲ್ ಮತ್ತು ಕ್ಯಾವನಾ 1986ರಲ್ಲಿ ಶೇಕಡಾ 18ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಪ್ಯೂಮಿಸ್ ಕಲ್ಲಿನ ಪುಡಿಯೊಂದಿಗೆ ಬೆರೆಸಿ, ರಬ್ಬರ್ ಹಾಳೆಯಿಂದ ವಸಡು ಮುಚ್ಚಿ, ಕಲೆಯ ಮೇಲೆ ಹದವಾಗಿ ಉಜ್ಜುವ ವಿಧಾನ ಹೇಳಿಕೊಟ್ಟರು. ಹೋಗುವುದು ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು. ಮೇಲುಮೇಲಿನ ಕಂದು ಕಲೆ ಹೆಚ್ಚಾಗಿ ಅಷ್ಟರಲ್ಲೇ ಇರುತ್ತದೆ. ಸಂತೆ ಜಾತ್ರೆಗಳಲ್ಲಿ ಆಮ್ಲ ಸವರಿ ಹಲ್ಲು ಹೊಳೆಯಿಸುವವರು ಬಳಸುವುದೂ ಈ ಜಾತಿಯ ದ್ರವವನ್ನೇ, ಆದರೆ ಅಳತೆಯಿಲ್ಲ, ರಬ್ಬರ್ ಹಾಳೆಯಿಲ್ಲ, 1948ರ ದಂತವೈದ್ಯರ ಕಾಯ್ದೆಯಡಿ ನೋಂದಣಿಯೂ ಇಲ್ಲ. ಅವರಿಂದ ಹಾಳಾದ ಹಲ್ಲನ್ನು ಸರಿಪಡಿಸುವುದು ಮೂಲ ಕಲೆ ತೆಗೆಯುವುದಕ್ಕಿಂತ ಕಷ್ಟ.

ಬಿಳಿ ಮಚ್ಚೆಗೆ 2009ರಲ್ಲಿ ಮಾರುಕಟ್ಟೆಗೆ ಬಂದ ರಾಳದ ತುಂಬಿಕೆ ಹೆಚ್ಚು ಸೊಗಸಿನ ಉತ್ತರ. ಅದರ ಹಿಂದಿರುವುದು ಭೌತಶಾಸ್ತ್ರ. ಬೆಳಕಿನ ವಕ್ರೀಭವನ ಸೂಚ್ಯಂಕ ಒಳ್ಳೆಯ ಎನಾಮೆಲ್‌ನಲ್ಲಿ ಸುಮಾರು 1.62, ನೀರಿನಲ್ಲಿ 1.33, ಗಾಳಿಯಲ್ಲಿ 1. ರಂಧ್ರಗಳಲ್ಲಿ ಗಾಳಿ ಇದ್ದಾಗ ಅಂತರ ಹೆಚ್ಚು, ಹಾಗಾಗಿ ಮಚ್ಚೆ ಎದ್ದು ಕಾಣುತ್ತದೆ; ಒದ್ದೆಯಾದರೆ ಮಂಕಾಗುತ್ತದೆ. ಬಾಯಿ ಒಣಗಿಸಿಕೊಂಡು ಹೆಚ್ಚು ಹೊತ್ತು ಮಾತಾಡುವವರ ಹಲ್ಲಿನ ಮಚ್ಚೆ ಹೆಚ್ಚು ಕಾಣುವುದು ಇದರಿಂದಲೇ. ಶೇಕಡಾ 15ರ ಆಮ್ಲದಿಂದ ಮೇಲ್ಮೈ ತೆರೆದು, ಸುಮಾರು 1.5 ಸೂಚ್ಯಂಕದ ತೆಳು ರಾಳವನ್ನು ರಂಧ್ರಗಳಿಗೆ ಇಳಿಸಿ ಬೆಳಕಿನಿಂದ ಗಟ್ಟಿಮಾಡಿದರೆ ಆ ಅಂತರ ಇಳಿದು ಮಚ್ಚೆ ಸುತ್ತಲಿನ ಹಲ್ಲಿನಲ್ಲಿ ಕರಗಿಹೋಗುತ್ತದೆ. ಆಳದ ಕಲೆಗೂ ಗುಳಿಗೂ ಇದು ಸಾಲದು. ಅಲ್ಲಿ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಬೇಕು. ಫ್ಲೋರೈಡ್ ಹೆಚ್ಚಾದ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗದ ಕಾರಣ ಅಂಟಿಸುವ ಮುನ್ನ ಆಮ್ಲದಿಂದ ಒರಟುಮಾಡುವ ಎಚಿಂಗ್ ಹೆಚ್ಚು ಹೊತ್ತು ಬೇಕು. ಇಲ್ಲದಿದ್ದರೆ ತುಂಬಿದ್ದು ಬೇಗ ಕಳಚುತ್ತದೆ.

ಪಿಂಗಾಣಿ ಪದರ, ಅಂದರೆ ವೆನೀರ್, ಜಾಹೀರಾತುಗಳ ಅಚ್ಚುಮೆಚ್ಚು. ಹಾಲಿವುಡ್‌ನ ದಂತವೈದ್ಯ ಚಾರ್ಲ್ಸ್ ಪಿಂಕಸ್ ಚಿತ್ರೀಕರಣದ ಹೊತ್ತಿಗಷ್ಟೇ ಅಂಟಿಸಿ ತೆಗೆಯುವಂತೆ ನಟರಿಗೆ ಮಾಡಿಕೊಟ್ಟದ್ದು ಇದರ ಪೂರ್ವರೂಪ. 1980ರ ದಶಕದ ಆರಂಭದಲ್ಲಿ ಪಿಂಗಾಣಿಯನ್ನು ಎಚ್ ಮಾಡಿ ಅಂಟಿಸುವ ಕ್ರಮ ಬಂದ ಮೇಲೆ ಅದು ಶಾಶ್ವತದಂತೆ ಮಾರಾಟವಾಗತೊಡಗಿತು. ಶಾಶ್ವತವಲ್ಲ, ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕು. ಕೂರಿಸಲು ಮುಂಭಾಗದಿಂದ ಅರ್ಧ ಮಿಲಿಮೀಟರಿನಷ್ಟು ಎನಾಮೆಲ್ ಕೊರೆಯುತ್ತಾರೆ. ಪೂರ್ತಿ ಕ್ಯಾಪ್ ಆದರೆ ಹಲ್ಲಿನ ಮೇಲ್ಭಾಗದ ಮುಕ್ಕಾಲಿಗೆ ಸಮೀಪದಷ್ಟು ಹೋಗುತ್ತದೆ: ಎಡೆಲ್‌ಹಾಫ್ ಮತ್ತು ಸೊರೆನ್ಸೆನ್ 2002ರಲ್ಲಿ ತೂಗಿ ಕಂಡದ್ದು ಶೇಕಡಾ 63ರಿಂದ 72, ವೆನೀರ್‌ಗೆ 3ರಿಂದ 30. ನಗರದ ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಹಲ್ಲಿಗೇ ಹಲವು ಸಾವಿರ ರೂಪಾಯಿ. ನಗುವಾಗ ಕಾಣುವುದು ಆರರಿಂದ ಎಂಟು ಹಲ್ಲು. ಇಪ್ಪತ್ತು ವರ್ಷದ ಹುಡುಗಿಗೆ ಮದುವೆ ಗೊತ್ತಾಯಿತೆಂದು ಅವಸರದಲ್ಲಿ ಹೀಗೆ ಕೊರೆಸಿದರೆ ಆಕೆಗೆ ಬದುಕಿಡೀ ಮೂರುನಾಲ್ಕು ಸಲ ಅದೇ ಖರ್ಚು, ಪ್ರತಿ ಸಲವೂ ಇನ್ನಷ್ಟು ಹಲ್ಲಿನ ನಷ್ಟ.

ಇದೆಲ್ಲ ಶೋಕಿ ಎನ್ನುವವರ ವಾದಕ್ಕೆ ಬಲವಿದೆ. ಕಲೆಯ ಹಲ್ಲು ಹೆಚ್ಚಾಗಿ ಗಟ್ಟಿ ಹಲ್ಲೇ; ಸೌಮ್ಯ ಹಂತದಲ್ಲಿ ಅದಕ್ಕೆ ಹುಳುಕು ಕಡಿಮೆ ಎಂದು ಮೆಕೇ ಆಗಲೇ ಗಮನಿಸಿದ್ದ. ನೋವಿಲ್ಲ, ಅಗಿಯಲು ಅಡ್ಡಿಯಿಲ್ಲ. ಮೇಲಾಗಿ ಬಿಳುಪೇ ಅಂದ ಎಂಬುದು ಹೊಸ ಕಾಲದ ಹಟ: ಮಿಸ್ಸಿ ಹಚ್ಚಿ ಹಲ್ಲು ಕಪ್ಪಾಗಿಸುವುದೇ ಸಿಂಗಾರವಾಗಿದ್ದ ಕಾಲ ಈ ದೇಶದಲ್ಲೇ ಇತ್ತು. ಆರೋಗ್ಯವಂತ ಹಲ್ಲಿನ ಸಹಜ ಬಣ್ಣದಲ್ಲೂ ಒಳಗಿನ ಡೆಂಟಿನ್‌ನ ತುಸು ಹಳದಿ ಛಾಯೆ ಇರುತ್ತದೆ. ಸಿನಿಮಾ ಬಿಳುಪನ್ನು ಹಲ್ಲಿಗೆ ತರುವ ಹಂಬಲಕ್ಕೆ ಸರಕಾರದ ಹಣ ಹಾಕಬೇಕಿಲ್ಲ ಎನ್ನುವುದು ಒಪ್ಪತಕ್ಕ ಮಾತು.

ಆದರೆ ಇಲ್ಲಿ ಎರಡು ಬೇರೆ ಬಯಕೆಗಳು ಒಂದೇ ಹೆಸರಿನಡಿ ಸಿಕ್ಕಿಕೊಂಡಿವೆ. ಇದ್ದುದಕ್ಕಿಂತ ಹೆಚ್ಚು ಬೆಳ್ಳಗಾಗಬೇಕೆಂಬುದು ಒಂದು. ನೀರು ಕೆಟ್ಟಿರದಿದ್ದರೆ ಹಲ್ಲು ಹೇಗಿರುತ್ತಿತ್ತೋ ಹಾಗಾಗಬೇಕೆಂಬುದು ಇನ್ನೊಂದು. ಮೊದಲನೆಯದು ಅಲಂಕಾರ, ಎರಡನೆಯದು ಆದ ಹಾನಿಯ ದುರಸ್ತಿ. ಹೆಣ್ಣು ನೋಡಲು ಬಂದವರ ಮುಂದೆ, ಬೆಂಗಳೂರಿನ ಅಂಗಡಿ ಕೆಲಸದ ಸಂದರ್ಶನದಲ್ಲಿ, ಶಾಲೆಯ ಗುಂಪು ಫೋಟೋದಲ್ಲಿ ತುಟಿ ಬಿಗಿಹಿಡಿಯುವವರು ಕೇಳುತ್ತಿರುವುದು ಎರಡನೆಯದನ್ನು. ತೊನ್ನು, ಸುಟ್ಟ ಗಾಯದ ಕಲೆ ಇವಕ್ಕೆ ಸರಕಾರಿ ಆಸ್ಪತ್ರೆಯ ಚರ್ಮವಿಭಾಗದಲ್ಲಿ ಮದ್ದು ಕೊಡುವಾಗ ಅದು ಶೋಕಿಯೆಂದು ಯಾರೂ ತಿರುಗಿಸಿ ಕಳಿಸುವುದಿಲ್ಲ. ತೊನ್ನಿಗೆ ಯಾರನ್ನೂ ಹೊಣೆ ಮಾಡಲಾಗದು. ಬೋರ್‌ವೆಲ್ ಕೊರೆಸಿ ಕೈಪಂಪು ನೆಟ್ಟದ್ದಾದರೋ ಬಹುಪಾಲು ಸಾರ್ವಜನಿಕ ಹಣ.

ಈ ಅಳತೆಗೋಲಿಗೆ ಇನ್ನೊಂದು ಅಂಚೂ ಇದೆ. ದುರಸ್ತಿ ಎಂದು ಒಪ್ಪಿದರೆ ದುರಸ್ತಿಗೆ ಬೇಕಾದಷ್ಟೇ ಮಾಡಬೇಕು. ಸೌಮ್ಯ ಕಲೆಗೆ ಬ್ಲೀಚಿಂಗ್, ಮೈಕ್ರೋಅಬ್ರೇಷನ್; ಗುಳಿ ಬಿದ್ದಲ್ಲಿ ಕಾಂಪೋಸಿಟ್; ಹಲ್ಲಿನ ಆಕಾರವೇ ಕೆಟ್ಟಿದ್ದರೆ ಮಾತ್ರ ವೆನೀರ್ ಅಥವಾ ಕ್ಯಾಪ್. ಮೊದಲ ಎರಡಕ್ಕೆ ಹೊರರೋಗಿ ವಿಭಾಗದ ಒಂದು ದಂತಕುರ್ಚಿ, ತರಬೇತಾದ ಒಬ್ಬ ವೈದ್ಯರು ಸಾಕು. ಬಡವರಿಗೆ ಉಚಿತ ಚಿಕಿತ್ಸೆಯ ಆರೋಗ್ಯಶ್ರೀ ಯೋಜನೆ 2007ರಲ್ಲಿ ಮೊದಲ ಹಂತದಲ್ಲೇ ಅನಂತಪುರಕ್ಕೆ ಬಂತಾದರೂ ಅದನ್ನು ಕಟ್ಟಿದ್ದು ದೊಡ್ಡ ಆಸ್ಪತ್ರೆಯ ದುಬಾರಿ ಚಿಕಿತ್ಸೆಗಾಗಿ. ಹಲ್ಲಿನ ಈ ಸಣ್ಣ ಕೆಲಸಕ್ಕೆ ತಕ್ಕ ಜಾಗ ತಾಲ್ಲೂಕು ಮಟ್ಟದ ಆಸ್ಪತ್ರೆ. ಹೆಚ್ಚಿನ ಚಿಕಿತ್ಸೆ ಬೇಕಾದಾಗ ರಾಯದುರ್ಗದವರಿಗೆ ಬಳ್ಳಾರಿಯ ಸರಕಾರಿ ದಂತ ಕಾಲೇಜು, ಮಡಕಶಿರಾದವರಿಗೆ ತುಮಕೂರು, ಬೆಂಗಳೂರಿನ ದಂತ ಕಾಲೇಜುಗಳು ತಮ್ಮ ರಾಜ್ಯದ ಕಡಪದ ದಂತ ಕಾಲೇಜಿಗಿಂತ ಕೈಗೆಟುಕುವ ದೂರದಲ್ಲಿವೆ. ಅಲ್ಲಿ ವಿದ್ಯಾರ್ಥಿಗಳಿಗೂ ಇಂಥ ಹಲ್ಲುಗಳ ಅನುಭವ ಬೇಕೇ ಬೇಕು.

ಮೊದಲು ನೀರು, ಆಮೇಲೆ ಹಲ್ಲು ಎಂಬ ಆಕ್ಷೇಪವೊಂದು ಉಳಿಯುತ್ತದೆ. ಅದು ಅರ್ಧ ಸರಿ. 1995ರಲ್ಲಿ ಶ್ರೀ ಸತ್ಯಸಾಯಿ ನೀರು ಸರಬರಾಜು ಯೋಜನೆ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ಶುದ್ಧ ನೀರು ಹರಿಸಿದ್ದು ದೊಡ್ಡ ಕೆಲಸ. ಅಂಥ ಕೊಳಾಯಿ ತಪ್ಪದೆ ಹರಿಯುವ ಕಡೆ ಹೊಸ ಮಕ್ಕಳ ಹಲ್ಲು ಉಳಿಯುತ್ತದೆ. ಆದರೆ ಈಗಾಗಲೇ ಇಪ್ಪತ್ತು ದಾಟಿದವರ ಎನಾಮೆಲ್ ಒಳ್ಳೆಯ ನೀರಿನಿಂದ ಬದಲಾಗದು, ಕೆಟ್ಟ ನೀರಿನಿಂದ ಅದಕ್ಕೆ ಹೊಸ ಮಚ್ಚೆಯೂ ಬೀಳದು. ಆದ್ದರಿಂದ ದೊಡ್ಡವರ ಚಿಕಿತ್ಸೆಗೆ ನೀರಿಗಾಗಿ ಕಾಯುವ ಕಾರಣವಿಲ್ಲ. ನೀರು ತುರ್ತಾಗಿ ಬೇಕಿರುವುದು ಎಂಟು ತುಂಬದ ಮಕ್ಕಳಿಗೆ, ಅವರಲ್ಲೂ ಮೂರರೊಳಗಿನವರಿಗೆ. ಎದೆಹಾಲಿನಲ್ಲಿ ಫ್ಲೋರೈಡ್ ತೀರ ಕಡಿಮೆ. ತಾಯಿ ಕುಡಿಯುವ ನೀರಿನಲ್ಲಿ ಹೆಚ್ಚಿದ್ದರೂ ಹಾಲಿಗೆ ಅಷ್ಟಾಗಿ ಇಳಿಯದು. ಅಪಾಯ ಶುರುವಾಗುವುದು ಮೇಲಿನ ಆಹಾರ ಕೊಡತೊಡಗಿದಾಗ. ಫಿಲ್ಟರ್ ಘಟಕದಿಂದ ಕ್ಯಾನ್ ನೀರು ತರುವ ಮನೆಗಳಲ್ಲೂ ಅದು ಕುಡಿಯಲು ಮಾತ್ರ, ಅಡುಗೆಗೆ ಬೋರ್ ನೀರೇ ಎಂಬ ವಾಡಿಕೆ ಕಾಣುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಗಾಢವಾಗುತ್ತದೆ. ಹಾಗಾಗಿ ಕ್ಯಾನ್ ನೀರು ಮೊದಲು ಸಲ್ಲಬೇಕಾದದ್ದು ಕೂಸಿನ ರಾಗಿ ಸರಿಗೆ, ಗಂಜಿಗೆ, ಬೇಳೆಕಟ್ಟಿಗೆ.