ಬಣ್ಣದ ಬೆವರಿಗೂ ಪಗಾರವಿರಲಿ

ನವಿ ಮುಂಬಯಿಯ ವಾಶಿಯಲ್ಲಿರುವ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರಿಟ್ಟಿದ್ದಾರೆ. ಅದರ ಎದುರಿನಿಂದ ದಿನಾಲು ಕೆಲಸಕ್ಕೆ ಹೋಗುವ ನಮ್ಮ ಹೋಟೆಲು ಕಾರ್ಮಿಕರಿಗೇನು ಕಡಿಮೆಯಿಲ್ಲ. ಈ ಭಾವೆಯವರಿಗೂ ನಮಗೂ ಏನು ಸಂಬಂಧ ಎಂದು ಕೇಳಿದರೆ ಹೇಳುವವರು ಮಾತ್ರ ಸಿಗುವುದಿಲ್ಲ. 1842ರ ಸುಮಾರಿಗೆ ಹೊನ್ನಾವರದ ಬಳಿಯ ಕರ್ಕಿಯಿಂದ ಒಂದು ಮೇಳ ಘಟ್ಟ ಹತ್ತಿ ಸಾಂಗಲಿಗೆ ಹೋಗಿ ಅಲ್ಲಿಯ ಅರಸರ ಎದುರು ಆಟ ಆಡಿತು. ಅದನ್ನು ಕಂಡ ಅರಸರು ಮರಾಠಿಯಲ್ಲಿಯೂ ಇಂಥದೊಂದು ಆಗಲೆಂದು ತಮ್ಮ ಆಶ್ರಯದಲ್ಲಿದ್ದ ಭಾವೆಯವರಿಗೆ ಹೇಳಿದರು. 1843ರ ನವೆಂಬರ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ಬಾಂಧವರು ಇಂದಿಗೂ ಆ ದಿನವನ್ನು ತಮ್ಮ ರಂಗಭೂಮಿಯ ದಿನವೆಂದು ಆಚರಿಸುತ್ತಾರೆ, ಒಳ್ಳೆಯದೇ. ಭಾವೆಯವರ ಹೆಸರು ಗೋಡೆಯ ಮೇಲಿದೆ. ಕರ್ಕಿಯಿಂದ ವೇಷದ ಪೆಟ್ಟಿಗೆ ಹೊತ್ತುಕೊಂಡು ಹೋದವರ ಹೆಸರು ಎಲ್ಲಿದೆ?

ಹೆಸರಿನ ಮಾತು ಪಂಡಿತರಿಗಿರಲಿ. ನನಗೆ ಬೇಕಾದದ್ದು ಕೂಲಿಯ ಮಾತು. ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಇತ್ತ ವಾಶಿ, ನೆರೂಳದವರೆಗೆ ನಮ್ಮವರ ಸಂಘಗಳಿಗೆ ಬರಗಾಲವಿಲ್ಲ. ವರ್ಷಕ್ಕೊಮ್ಮೆ ಆಟವೋ ನಾಟಕವೋ ಆಗಲೇಬೇಕು. ಅದರ ಖರ್ಚಿನ ಪಟ್ಟಿಯನ್ನು ಯಾರಾದರೂ ಬಿಡಿಸಿ ನೋಡಿದ್ದೀರಾ? ಸಭಾಗೃಹದ ಬಾಡಿಗೆ ಮೊದಲು. ಆಮೇಲೆ ಧ್ವನಿವರ್ಧಕ, ದೀಪ, ಕರಪತ್ರ. ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಊಟ. ಎಲ್ಲ ಮುಗಿದು ಏನಾದರೂ ಉಳಿದರೆ ಕೊನೆಯ ಸಾಲಿನಲ್ಲಿ ‘ಕಲಾವಿದರಿಗೆ ಗೌರವಧನ’. ಗೌರವಧನವಂತೆ! ಹೋಟೆಲಿನ ಮಾಲಕರು ತಿಂಗಳ ಕೊನೆಗೆ ಗಲ್ಲೆಯಲ್ಲಿ ಉಳಿದಷ್ಟು ದುಡ್ಡನ್ನು ನಮ್ಮ ಕೈಗಿಟ್ಟು ‘ಇದು ನಿನಗೆ ಗೌರವ’ ಎಂದರೆ ನಾವು ಸುಮ್ಮನಿರುತ್ತೇವೆಯೇ?

ಕಲ್ಯಾಣದಲ್ಲಿ ನಾನು ಸಪ್ಲೈಯರ್ ಆಗಿದ್ದ ಹೋಟೆಲಿನ ಭಟ್ಟಿಯ ಮುಂದೆ ಒಬ್ಬ ಹಿರಿಯರಿದ್ದರು. ಹದಿನಾರು ವರ್ಷ ತೆಂಕುತಿಟ್ಟಿನ ಮೇಳಗಳಲ್ಲಿ ತಿರುಗಾಟ ಮಾಡಿದವರು. ರಾತ್ರಿ ಶಟರ್ ಎಳೆದ ಮೇಲೆ ಅವರ ಬಾಯಿಂದ ಕೇಳಿದ್ದನ್ನು ನಾನು ಮರೆತಿಲ್ಲ. “ಮೇಳಕ್ಕೂ ಹೋಟೆಲಿಗೂ ಏನು ವ್ಯತ್ಯಾಸ ಮಾರಾಯಾ? ಇಲ್ಲಿ ಲೋಟ ತೊಳೆಯುವುದರಿಂದ ಶುರು, ಅಲ್ಲಿ ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು” ಎನ್ನುತ್ತಿದ್ದರು. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಬಿಚ್ಚುವುದು ಪತ್ತನಾಜೆಗೆ. ರಾತ್ರಿಯಿಡೀ ಕುಣಿತ, ಹಗಲು ಯಾರದೋ ಚಾವಡಿಯಲ್ಲಿ ನಿದ್ದೆ, ಸಂಜೆಗೆ ಇನ್ನೊಂದು ಊರು. ಬಣ್ಣದ ವೇಷವಾದರೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ ಇಡಲು ಗಂಟೆಗಟ್ಟಲೆ ಕೂರಬೇಕು. ಆ ಹೊತ್ತಿಗೆ ಲೆಕ್ಕವಿಲ್ಲ. ಮಳೆಗಾಲದಲ್ಲಿ ದುಡಿಮೆಯಿಲ್ಲ. ಆಗ ಯಜಮಾನರ ಹತ್ತಿರ ಮುಂಗಡ ಕೇಳಬೇಕು. ಮುಂಗಡ ತೆಗೆದುಕೊಂಡವನು ಮುಂದಿನ ವರ್ಷ ಆ ಮೇಳ ಬಿಡುವ ಹಾಗಿಲ್ಲ. “ರಾವಣನಾಗಿ ಕೈಲಾಸ ಎತ್ತಿದೆ, ಆ ಮುಂಗಡ ಎತ್ತಲಿಕ್ಕಾಗಲಿಲ್ಲ” ಎಂದು ನಗುತ್ತಿದ್ದರು. ಕೊನೆಗೆ ಮಂಡಿ ಹೋಯಿತು. ಕುಣಿಯಲಾರದ ಕಾಲು ನಿಲ್ಲಲಾದರೂ ಬಂದೀತೆಂದು ದೋಸೆಯ ಕಾವಲಿಗೆ ಬಂದರು.

ಬೇಸರವಿಲ್ಲವೇ ಅಣ್ಣಾ ಎಂದು ನಾನೊಮ್ಮೆ ಕೇಳಿದೆ. “ಭಾಗವತರ ಪದ ಎದ್ದ ರಾತ್ರಿ ಹಸಿವು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ತಿಳಿಯುತ್ತಿತ್ತು” ಎಂದರು.

ಈಗ ದೊಡ್ಡ ಮೇಳಗಳಲ್ಲಿ ಕಾಲಮಿತಿಯ ಆಟ ಬಂದಿದೆ, ಹೆಸರಾದವರ ಸಂಭಾವನೆಯೂ ಏರಿದೆ. ಸಣ್ಣ ವೇಷದವರ, ಪೆಟ್ಟಿಗೆ ಹೊರುವವರ ಕಥೆ ಬೇರೆ.

ನಾಟಕ ಕಂಪೆನಿಗಳಾದರೂ ಸುಖದಲ್ಲಿದ್ದವೆಂದು ತಿಳಿಯಬೇಡಿ. ಗುಬ್ಬಿ ಕಂಪೆನಿ 1884ರಲ್ಲಿ ಹುಟ್ಟಿತು. ವೀರಣ್ಣನವರ ಕಾಲದಲ್ಲಿ, 1934ರ ‘ಕುರುಕ್ಷೇತ್ರ’ಕ್ಕೆ, ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅಂಥ ವೈಭವ ಎಷ್ಟು ಕಂಪೆನಿಗಳಿಗೆ ಬಂತು? ಮರಾಠಿಯ ಬಾಲಗಂಧರ್ವರನ್ನೇ ನೋಡಿ. ಅವರ ಹಾಡಿಗೆ ಊರಿಗೆ ಊರೇ ಮರುಳಾಗುತ್ತಿತ್ತು. ಅವರ ಮಂಡಳಿ ಸಾಲದಲ್ಲಿ ಮುಳುಗಿತು. ಮುಪ್ಪಿನಲ್ಲಿ ಕಾಲು ಸೋತು, 1967ರಲ್ಲಿ ತೀರಿಕೊಂಡರು. ಅವರು ಸ್ತ್ರೀ ಪಾತ್ರ ಬಿಟ್ಟ ಕಾಲಕ್ಕೆ ಆ ಪಾತ್ರಗಳನ್ನು ಹೊತ್ತು ಹಾಡಿದವರು ಬಿಜಾಪುರ ಸೀಮೆಯ ಬೀಳಗಿಯ ಗೋಹರಬಾಯಿ, ನಮ್ಮ ಕನ್ನಡದ ಹೆಣ್ಣುಮಗಳು. ಜನ ಆಕೆಯನ್ನು ಹೊಗಳಿದ್ದಕ್ಕಿಂತ ಬೈದದ್ದೇ ಹೆಚ್ಚು. ರಂಗದ ಹೆಣ್ಣಿಗೆ ಚಪ್ಪಾಳೆ ಒಂದು ಕೈಯಲ್ಲಿ, ಮಾತು ಇನ್ನೊಂದು ಬಾಯಲ್ಲಿ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಆರ್ಭಟಿಸಿದರು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ತೀರಿಕೊಂಡದ್ದೂ ಅದೇ ವರ್ಷ.

ಕಲೆಯೆಂದರೆ ಸೇವೆ, ಅದಕ್ಕೆ ಬೆಲೆ ಕಟ್ಟಬಾರದು ಎನ್ನುವ ಮಹನೀಯರು ನಮ್ಮ ಸಂಘಗಳಲ್ಲಿಯೇ ಇದ್ದಾರೆ. ಸಭಾಗೃಹದವರು ಸೇವೆ ಮಾಡುತ್ತಾರೆಯೇ? ಮೈಕಿನವನು ಮಾಡುತ್ತಾನೆಯೇ? ಸೇವೆ ಎಂಬ ಮಾತು ಬಡವನ ಹತ್ತಿರ ಬಂದಾಗಲೇ ಇವರಿಗೆ ನೆನಪಾಗುತ್ತದೆ. ಇನ್ನು ಕೆಲವರು, ‘ಇವರೆಲ್ಲ ಹವ್ಯಾಸಿಗಳು, ನಮ್ಮವರೇ’ ಎನ್ನುತ್ತಾರೆ. ನಮ್ಮವರೇ ಎಂಬುದಕ್ಕಾಗಿಯೇ ನಾನು ಹೇಳುವುದು! ಹಿಂದಿನ ತಲೆಮಾರಿನ ಹೋಟೆಲು ಪೋರರು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಅಲ್ಲೇ ನಾಟಕವನ್ನೂ ಆಡಿದರು. ಇಂದೂ ಅಭ್ಯಾಸಕ್ಕೆ ಬರುವವನು ಪಾಳಿ ಬದಲಿಸಿಕೊಂಡು, ಮೇಸ್ತ್ರಿಯ ಕಾಲು ಹಿಡಿದು ಬರುತ್ತಾನೆ. ಆಟದ ದಿನ ಖಾಡಾ ಬೀಳುತ್ತದೆ, ಆ ದಿನದ ಪಗಾರ ಹೋಗುತ್ತದೆ. ಆಟ ಮುಗಿಯುವಾಗ ಕೊನೆಯ ಲೋಕಲ್ ಹೋಗಿರುತ್ತದೆ. ಬೆಳಗಿನ ಮೊದಲ ಲೋಕಲ್ ತನಕ ಅರ್ಜುನನಿಗೂ ದ್ರೌಪದಿಗೂ ಪ್ಲಾಟ್‌ಫಾರ್ಮೇ ಗತಿ. ಅತಿಥಿಗಳು ಮಾತ್ರ ಮೋಟಾರಿನಲ್ಲಿ ಹೋಗುತ್ತಾರೆ.

1982ರ ಮುಷ್ಕರದ ನಂತರ ಗಿರಣಿಗಳು ಮುಚ್ಚಿದಾಗ ನಮ್ಮ ಗಿರಣಿ ಬಂಧುಗಳು ಬಾಕಿಗಾಗಿ ವರ್ಷಗಟ್ಟಲೆ ಬಾಗಿಲು ತಟ್ಟಿದರು. ಅವರ ಕೈಯಲ್ಲಿ ಹಾಜರಿ ಕಾರ್ಡಾದರೂ ಇತ್ತು. ವೇಷಧಾರಿಯ ಕೈಯಲ್ಲಿ ಏನಿದೆ?

ಆದುದರಿಂದ ನನ್ನ ಸೂಚನೆ ಇಷ್ಟು. ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಕಲಾವಿದರ ಸಂಭಾವನೆ ಬರೆಯಿರಿ. ಮುಮ್ಮೇಳಕ್ಕೆ ಬರೆದಂತೆ ಹಿಮ್ಮೇಳಕ್ಕೂ, ಬಣ್ಣ ಬಳಿಯುವವರಿಗೂ, ಪೆಟ್ಟಿಗೆ ಹೊರುವವರಿಗೂ. ಮುಖದ ಬಣ್ಣ ತೊಳೆಯುವ ಮೊದಲು ಹಣ ಕೈ ಸೇರಲಿ. ನಮ್ಮ ಕಾರ್ಮಿಕ ಕಲಾವಿದನಿಗೆ ಖಾಡಾ ಬಿದ್ದರೆ ಆ ದಿನದ ಪಗಾರವನ್ನು ಸಂಘವೇ ಕೊಡಲಿ, ರಾತ್ರಿ ಮನೆ ಮುಟ್ಟಿಸಲು ಒಂದು ಟೆಂಪೋ ಗೊತ್ತು ಮಾಡಲಿ. ಮಹಾರಾಷ್ಟ್ರ ಸರಕಾರದಲ್ಲಿ ವೃದ್ಧ ಕಲಾವಿದರಿಗೆ ರಾಜರ್ಷಿ ಶಾಹೂ ಮಹಾರಾಜರ ಹೆಸರಿನ ಮಾನಧನ ಯೋಜನೆಯಿದೆ. ಕರ್ನಾಟಕ ಸರಕಾರವೂ ಮಾಸಾಶನ ಕೊಡುತ್ತದೆ. ಆಡಿದ್ದಕ್ಕೆ ದಾಖಲೆ ಬೇಕು ಎಂದರೆ ಬಡಪಾಯಿ ಎಲ್ಲಿಂದ ತರಬೇಕು? ಪ್ರತಿಯೊಂದು ಆಟಕ್ಕೂ ಸಂಘದ ಮೊಹರು ಹಾಕಿದ ಒಂದು ಪತ್ರವನ್ನು ಅವನಿಗೆ ಕೊಡಲು ನಮಗೆ ಎಷ್ಟು ಖರ್ಚು?

ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಠರಾವನ್ನು ನಾನು ಮಂಡಿಸುವವನಿದ್ದೇನೆ. ಡೊಂಬಿವಲಿ, ಠಾಣೆಯ ಬಂಧುಗಳು ತಮ್ಮ ತಮ್ಮ ಸಂಘಗಳಲ್ಲಿ ಎತ್ತಲಿ. ಶಾಲು, ಹಾರ ಕಡಿಮೆಯಾಯಿತೆಂದು ಯಾವ ಅತಿಥಿಯಾದರೂ ಮುನಿದರೆ, ಅವರನ್ನು ಸಮಾಧಾನಪಡಿಸುವ ಕೆಲಸವನ್ನು ನನಗೇ ಬಿಡಿ.