ಕೋತಿಯನ್ನು ಷೋಕೇಸಿನಿಂದ ಇಳಿಸಿ

ಕಳೆದ ಚಳಿಗಾಲದ ಒಂದು ಭಾನುವಾರ, ಕೋಪನ್‌ಹೇಗನ್ನಿನ ನಮ್ಮ ಕನ್ನಡ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆ ಭಾತು ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ನಡುಮನೆಯಲ್ಲಿ ಆಳೆತ್ತರದ ಗಾಜಿನ ಷೋಕೇಸು. ಅದರೊಳಗೆ ಸಣ್ಣ ಸಣ್ಣ ದೀಪಗಳ ಬೆಳಕಿನಲ್ಲಿ ಮೂವತ್ತಕ್ಕೂ ಹೆಚ್ಚು ಮರದ ಪ್ರಾಣಿಗಳು: ಕೋತಿ, ಆನೆ, ಕರಡಿ, ಮೊಲ, ಬಾತುಕೋಳಿ. ಎಲ್ಲವೂ ಐವತ್ತರ ದಶಕದ ಆಸುಪಾಸಿನ ಡೇನಿಶ್ ಗೊಂಬೆಗಳು. ಆರು ವರ್ಷದ ನನ್ನ ಮಗಳು ಗಾಜಿಗೆ ಮೂಗು ಒತ್ತಿ ನಿಂತಳು. ಗೆಳೆಯರ ಮಗ, ಅವಳಿಗಿಂತ ಒಂದೇ ವರ್ಷ ದೊಡ್ಡವನು, ಥೇಟ್ ಹಿರಿಯರ ಧ್ವನಿಯಲ್ಲಿ ಹೇಳಿದ: "ಮುಟ್ಟಬಾರದು. ಅದು ಆಟದ ಸಾಮಾನಲ್ಲ, ಅಪ್ಪನ ಕಲೆಕ್ಷನ್ನು."

ಆಟದ ಸಾಮಾನಲ್ಲ! ಈ ಒಂದು ಮಾತಿನೊಡನೆ ಜಗಳವಾಡಲೆಂದೇ ಈ ಬರಹ. ಜಗಳ ಆ ಹುಡುಗನ ಮೇಲಲ್ಲ, ಅವನಿಗೆ ಆ ಮಾತು ಕಲಿಸಿದ ನಮ್ಮೆಲ್ಲರ ಮೇಲೆ.

ಆ ಕೋತಿಯನ್ನು ಮಾಡಿದವನು ಕಾಯ್ ಬೊಯೆಸೆನ್. 1886ರಲ್ಲಿ ಹುಟ್ಟಿ 1958ರಲ್ಲಿ ತೀರಿಕೊಂಡವನು. ಕಸುಬಿನಿಂದ ಬೆಳ್ಳಿ ಕೆಲಸದವನು. ಜಾರ್ಜ್ ಜೆನ್ಸೆನ್ ಎಂಬ ಹೆಸರಾಂತ ಬೆಳ್ಳಿ ಕುಶಲಕರ್ಮಿಯ ಬಳಿ ಪಳಗಿದವನು. ಬೆಳ್ಳಿಯ ಗಂಭೀರ ಲೋಕದಿಂದ ಮರದ ಆಟಿಕೆಗೆ ಅವನು ಇಳಿದದ್ದು ತನಗೊಬ್ಬ ಮಗ ಹುಟ್ಟಿದ ಮೇಲೆ. 1951ರ ಆ ಪ್ರಸಿದ್ಧ ಕೋತಿಯ ಮೂಲ ಉದ್ದೇಶ ಕೇಳಿದರೆ ನಿಮಗೆ ನಗು ಬರಬೇಕು: ಮಕ್ಕಳ ಬಟ್ಟೆ ನೇತುಹಾಕುವ ಗೂಟ! ಅದರ ಕೈಕಾಲುಗಳು ಕೊಕ್ಕೆಯಂತೆ ಬಾಗಿರುವುದು ಅದಕ್ಕೇ. ಒದ್ದೆ ಟೋಪಿ, ಮಣ್ಣಾದ ಅಂಗಿ ಹೊರಲು ಹುಟ್ಟಿದ ಪ್ರಾಣಿ ಅದು. ಅದನ್ನೀಗ ಬಿಳಿ ಕೈಚೀಲ ತೊಟ್ಟು ಎತ್ತುತ್ತೇವೆ.

ಬಾತುಕೋಳಿಯ ಕಥೆ ಇನ್ನೂ ಸೊಗಸು. 1959ರಲ್ಲಿ ಇದೇ ಊರಿನ ರಸ್ತೆಯಲ್ಲಿ ಪೊಲೀಸಿನವನೊಬ್ಬ ವಾಹನಗಳನ್ನೆಲ್ಲ ತಡೆದು ತಾಯಿಬಾತಿಗೂ ಅದರ ಮರಿಗಳಿಗೂ ದಾರಿ ಬಿಡಿಸಿದ. ಪತ್ರಿಕೆಯಲ್ಲಿ ಬಂದ ಆ ಸಂಗತಿಯೇ ಹಾನ್ಸ್ ಬೋಲಿಂಗ್ ಎಂಬ ವಿನ್ಯಾಸಕಾರನ ತೇಗದ ಬಾತು ಮತ್ತು ಮರಿಗೆ ಪ್ರೇರಣೆ. ಊರಿಗೆ ಊರೇ ನಿಂತು ನಡೆಯಲು ಬಿಟ್ಟ ಹಕ್ಕಿ ಅದು. ನಾವೋ ಅದನ್ನು ಒಂದಂಗುಲವೂ ಸರಿಯದಂತೆ ಗಾಜಿನ ಹಿಂದೆ ಕೂರಿಸಿದ್ದೇವೆ. ಕ್ರಿಸ್ಟಿಯನ್ ವೇದೆಲ್ ಎಂಬುವನು ಅದೇ ವರ್ಷ ಮಾಡಿದ ಹಕ್ಕಿಯ ತಲೆಯನ್ನು ಬೇಕಾದ ಕಡೆ ವಾಲಿಸಬಹುದು: ಹೀಗೆ ವಾಲಿಸಿದರೆ ಕುತೂಹಲ, ಹಾಗೆ ವಾಲಿಸಿದರೆ ಬೇಸರ. ವಾಲಿಸುವ ಕೈಯೇ ಇಲ್ಲದಿದ್ದರೆ ಅದು ಬರೀ ಮರದ ಮೊಟ್ಟೆ.

ನನ್ನ ಮನೆಯಲ್ಲೂ ಒಂದು ಹಳೆಯ ಕೋತಿ ಇದೆ. ಬಡಾವಣೆಯ ಲೊಪ್ಪೆಮಾರ್ಕೆಡ್ಡಿನಲ್ಲಿ, ಅಂದರೆ ಹಳೆ ಸಾಮಾನಿನ ಸಂತೆಯಲ್ಲಿ, ಒಬ್ಬ ಅಜ್ಜಿಯಿಂದ ಕೊಂಡದ್ದು. ಅಂಗಾಲಿನ ಮುದ್ರೆ ಅರ್ಧ ಸವೆದಿದೆ. ಎಡಗಾಲಿನ ಮೇಲೆ ಸಾಲಾಗಿ ನಾಲ್ಕು ಸಣ್ಣ ಕುಳಿಗಳು. "ನನ್ನ ಮಗನಿಗೆ ಹಲ್ಲು ಬರುತ್ತಿದ್ದಾಗ ಕಚ್ಚಿದ್ದು" ಎಂದರು ಅಜ್ಜಿ. ಆ ಮಗ ಈಗ ನಿವೃತ್ತಿಯ ಅಂಚಿನಲ್ಲಿದ್ದಾನಂತೆ. ಅದನ್ನು ಗೆಳೆಯರಿಗೆ ತೋರಿಸಿದಾಗ ಅವರು ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: "ಈ ಹಲ್ಲಿನ ಗುರುತು ಉಜ್ಜಿಸಿಬಿಡಿ ರೀ. ಎಣ್ಣೆ ಹಚ್ಚಿಸಿ. ಇಲ್ಲದಿದ್ದರೆ ಬೆಲೆ ಬರಲ್ಲ."

ಇಲ್ಲೇ ನನ್ನ ಮೊದಲ ತಕರಾರು. ಹಳೆಯದು ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡುತ್ತೀರಿ, ಆಮೇಲೆ ಅದರ ವಯಸ್ಸನ್ನೇ ಉಜ್ಜಿ ತೆಗೆಯುತ್ತೀರಿ. ಹೊಸದೇ ಬೇಕಿದ್ದರೆ ಅಂಗಡಿಯಲ್ಲಿ ಹೊಸದೇ ಸಿಗುತ್ತದಲ್ಲ! ಇದೇ ಕೋತಿಯನ್ನು ಇಂದಿಗೂ ತಯಾರಿಸುತ್ತಾರೆ. ಹಳೆಯ ಕೋತಿಯಲ್ಲಿ ಹೆಚ್ಚಿಗೆ ಇರುವುದು ಏನು? ಎಪ್ಪತ್ತು ವರ್ಷಗಳ ಅಂಗೈಗಳ ಜಿಡ್ಡು, ಬಿದ್ದ ಪೆಟ್ಟು, ಆ ನಾಲ್ಕು ಹಲ್ಲು. ಅದನ್ನು ಕಳೆದ ಮೇಲೆ ಉಳಿಯುವುದು ಮುದ್ರೆ ಮಾತ್ರ. ಮುದ್ರೆಗೆ ಬೆಲೆ ಬಂದಷ್ಟೂ ಖೋಟಾ ಮುದ್ರೆಗಳೂ ಬರುತ್ತವೆ, ಬಂದೂ ಇವೆ. ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು, ಹಾಲುಹಲ್ಲಿನ ಗುರುತನ್ನು ಹಾಗೆ ಒತ್ತಲಾಗದು.

ಸಂಗ್ರಹಕಾರರ ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. ಅವರಿಲ್ಲದಿದ್ದರೆ ಇಂಥ ಎಷ್ಟೋ ಗೊಂಬೆಗಳು ಮನೆ ಖಾಲಿ ಮಾಡುವಾಗ ಕಸದ ಡಬ್ಬಿ ಸೇರುತ್ತಿದ್ದವು. ಯಾವ ವರ್ಷದ್ದು, ಯಾವ ಮರದ್ದು ಎಂದು ಗುರುತಿಸುವ ಕಣ್ಣು ಅವರದೇ. ಒಪ್ಪಿದೆ. ಅಪರೂಪದ ಒಂದೆರಡು ಪ್ರತಿಗಳು ವಸ್ತುಸಂಗ್ರಹಾಲಯದ ಗಾಜಿನೊಳಗೆ ಇರಲಿ, ನಾಳಿನವರಿಗೆ ಅಳತೆಗಾದರೂ ಬೇಕು. ಆದರೆ ವಸ್ತುಸಂಗ್ರಹಾಲಯದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಷೋಕೇಸಿನ ಬೀಗದಕೈ ಒಬ್ಬರ ಜೇಬಿನಲ್ಲಿರುತ್ತದೆ. ಸಾವಿರಗಟ್ಟಲೆ ಮಾಡಿದ ಆಟಿಕೆಯನ್ನು ಮನೆಮನೆಯಲ್ಲೂ ಬೀಗ ಹಾಕಿಡುವುದನ್ನು ನಾನು ಕಾಪಾಡುವುದು ಎನ್ನಲಾರೆ, ಅದು ಕೂಡಿಡುವುದು.

"ನಮ್ಮ ದಸರಾ ಗೊಂಬೆಗಳನ್ನೂ ಮುಟ್ಟಲು ಬಿಡುತ್ತಿರಲಿಲ್ಲವಲ್ಲ?" ಎಂದು ಗೆಳೆಯರು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನಜ್ಜಿಯೂ ಪಟ್ಟದ ಗೊಂಬೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದಳು, ಕೈ ಹಾಕಿದರೆ ಗದರುತ್ತಿದ್ದಳು. ಆದರೆ ನವರಾತ್ರಿ ಬಂತೆಂದರೆ ಅದೇ ಗೊಂಬೆಗಾಗಿ ಬೀದಿಯ ಮಕ್ಕಳೆಲ್ಲ ಮನೆಯೊಳಗೆ ಬರುತ್ತಿದ್ದರು. ಆರತಿ, ಹಾಡು, ಕೈತುಂಬ ಬೊಂಬೆ ಬಾಗಿನ. ಆ ಗೊಂಬೆಗೆ ಜನರನ್ನು ಕರೆಯುವ ಕೆಲಸವಿತ್ತು, ಅದನ್ನು ವರ್ಷ ವರ್ಷವೂ ಮಾಡುತ್ತಿತ್ತು. ಷೋಕೇಸಿನ ಕೋತಿಗೆ ಮಕ್ಕಳನ್ನು ದೂರವಿಡುವ ಕೆಲಸ ಕೊಟ್ಟಿದ್ದೇವೆ.

ಎರಡನೆಯ ತಕರಾರು ಹೆಸರಿನದು. ಡೇನಿಶ್ ಕೋತಿ ಎನ್ನುತ್ತೇವೆ. ಅದರ ಮೈ ತೇಗ, ಮುಖ ಮತ್ತು ಹೊಟ್ಟೆ ಲಿಂಬಾ. ತೇಗ ಡೆನ್ಮಾರ್ಕಿನಲ್ಲಿ ಬೆಳೆಯುವುದಿಲ್ಲ. ಅದು ನಮ್ಮ ದಾಂಡೇಲಿಯ ಕಾಡಿನ ಮರ, ಬರ್ಮಾದ, ಸಯಾಮಿನ ಮರ. 1897ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಥಾಪನೆಯಾದ ಈಸ್ಟ್ ಏಷಿಯಾಟಿಕ್ ಕಂಪನಿ ಸಯಾಮಿನ ತೇಗದ ವ್ಯಾಪಾರದಲ್ಲಿ ದೊಡ್ಡ ಕುಳ. ಲಿಂಬಾ ಪಶ್ಚಿಮ ಆಫ್ರಿಕಾದ ಮರ. ಏಷ್ಯಾದ ಮೈ, ಆಫ್ರಿಕಾದ ಮುಖ, ಡೆನ್ಮಾರ್ಕಿನ ಹೆಸರು! ಹತ್ತೊಂಬತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದ ನನ್ನನ್ನು ಜನ ಇನ್ನೂ "ಮೂಲತಃ ಎಲ್ಲಿಯವರು?" ಎಂದು ಕೇಳುತ್ತಾರೆ, ಕೋತಿಯನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳುವುದರಲ್ಲಿ ನನಗೆ ಬೇಸರವಿಲ್ಲ. ಕೋತಿಯನ್ನೂ ಕೇಳಿ ಎನ್ನುತ್ತೇನೆ. ಮರ ಕಡಿದವನ ಹೆಸರು ಅಂಗಾಲಿನ ಮುದ್ರೆಯಲ್ಲಿಲ್ಲ, ವರ್ಕ್‌ಶಾಪಿನಲ್ಲಿ ಕೈಕಾಲು ಕಡೆದು ಜೋಡಿಸಿದವನ ಹೆಸರೂ ಇಲ್ಲ. ಬೊಯೆಸೆನ್ ದೊಡ್ಡವನೇ, ಆದರೆ ಒಬ್ಬ ದೊಡ್ಡವನ ಹೆಸರಿನಡಿ ಎಷ್ಟು ಕೈಗಳು ಮುಚ್ಚಿಹೋಗಿವೆ ಎಂಬುದನ್ನು ನೆನೆಯದ ಸಂಗ್ರಹ ಅರ್ಧ ಕುರುಡು.

ಇದು ನಮಗೆ ಏಕೆ ಚುಚ್ಚಬೇಕೆಂದರೆ, ಮೂರನೆಯ ತಕರಾರು ನಮ್ಮದೇ ಊರಿನದು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿಯ ಕುಶಲಕರ್ಮಿ ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತಾ, ಅರಗಿನ ಬಣ್ಣ ಒತ್ತಿ, ಒಣಗಿದ ಗರಿಯಿಂದ ಉಜ್ಜಿ ಹೊಳಪು ಬರಿಸುವುದನ್ನು ನೀವು ನೋಡಿರಬಹುದು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಆ ಕೆಲಸಕ್ಕೆ ಇದೆ. ಒಂದು ಹಳೆ ಡೇನಿಶ್ ಕೋತಿಗೆ ಸಾವಿರಾರು ಕ್ರೋನರ್ ತುಟಿಪಿಟಕ್ಕೆನ್ನದೆ ತೆರುವ ನಾವು, ರಜೆಗೆ ಹೋದಾಗ ಚನ್ನಪಟ್ಟಣದ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, "ಐವತ್ತು ಕಡಿಮೆ ಮಾಡ್ಕೊಳಪ್ಪಾ" ಎನ್ನುತ್ತೇವೆ. ನಾನೂ ಎಂದಿದ್ದೇನೆ. ಆ ಐವತ್ತು ರೂಪಾಯಿ ಎಲ್ಲಿ ಖರ್ಚಾಯಿತೆಂದು ನನಗೆ ನೆನಪಿಲ್ಲ. ಅವನಿಗೆ ನೆನಪಿರಬಹುದು.

ಡೇನಿಶ್ ಕೋತಿ ಬಿಟ್ಟು ಚನ್ನಪಟ್ಟಣದ ಕುದುರೆ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದು ಅಗ್ಗದ ಅಭಿಮಾನವಾದೀತು. ಎರಡೂ ಮರದ ಕೆಲಸ, ಎರಡೂ ಮಗುವಿನ ಕೈ ನೆನೆದು ಮಾಡಿದ್ದು. ಸ್ವೀಡನ್ನಿನ ಡಾಲಾ ಕುದುರೆಯನ್ನು ನೋಡಿ. ಅದಕ್ಕೆ ವಿನ್ಯಾಸಕಾರನೊಬ್ಬನ ಹೆಸರಿಲ್ಲ, ಡಲಾರ್ನಾ ಎಂಬ ಸೀಮೆಯ ಹೆಸರಿದೆ. 1939ರ ನ್ಯೂಯಾರ್ಕ್ ವಿಶ್ವ ಮೇಳದ ನಂತರ ಜಗತ್ತೇ ಅದನ್ನು ಗುರುತಿಸುತ್ತದೆ. ಸೀಮೆಯ ಹೆಸರಿಗೂ ಗೌರವ ಸಿಗಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ. ಆ ಗೌರವವನ್ನು ನಮ್ಮ ಊರಿಗೆ ನಾವೇ ಚೌಕಾಸಿ ಮಾಡದೆ ಕೊಡಬೇಕು.

ಆದ್ದರಿಂದ ಸಂಗ್ರಹಿಸುವವರಲ್ಲಿ ನನ್ನ ಬೇಡಿಕೆ ಇಷ್ಟು. ಹಲ್ಲಿನ ಗುರುತನ್ನು ಉಜ್ಜಬೇಡಿ. ಕೊಂಡ ಗೊಂಬೆ ಯಾರ ಮನೆಯಲ್ಲಿತ್ತು, ಯಾವ ಮಗುವಿನದು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಖೋಟಾ ಮುದ್ರೆಯ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆಯಿಲ್ಲ. ಮೂವತ್ತರಲ್ಲಿ ಒಂದನ್ನಾದರೂ ನೆಲದ ಮೇಲೆ ಬಿಡಿ.

ನಮ್ಮ ಮನೆಯ ಕೋತಿ ಬಾಗಿಲ ಪಕ್ಕದ ಹಲಗೆಯಿಂದ ಒಂದು ಕೈಯಲ್ಲಿ ಜೋತುಬಿದ್ದಿದೆ. ಇನ್ನೊಂದು ಕೈಯಲ್ಲಿ ಮಗಳ ಉಣ್ಣೆಯ ಟೋಪಿ. ಹೋದ ತಿಂಗಳು ಗೆಳೆಯರ ಮಗ ಬಂದಿದ್ದ. ಮುಟ್ಟಬಹುದಾ ಎಂದು ಕಣ್ಣಲ್ಲೇ ಕೇಳಿದ. ಇಳಿಸಿ ಕೈಗೆ ಕೊಟ್ಟೆ. ಊಟಕ್ಕೆ ಕರೆದರೂ ಬರಲಿಲ್ಲ.